ಶಾಲು ಹೊದೆಸುವ ಮೊದಲು ಫೀಸು ಕಟ್ಟೋಣ

ಎಸೆಸೆಲ್ಸಿ ಫಲಿತಾಂಶ ಬಂದ ಮೇಲಿನ ಎರಡು ವಾರ ನಮ್ಮ ಊರುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಂಭ್ರಮವೋ ಸಂಭ್ರಮ. 625ರಲ್ಲಿ 600 ದಾಟಿದ ಮಕ್ಕಳ ಫೋಟೊ, ಅಭಿನಂದನೆಯ ಪೋಸ್ಟರ್, ಅದರ ಬೆನ್ನಿಗೇ ಸನ್ಮಾನ ಸಮಾರಂಭದ ಆಮಂತ್ರಣ. ಶಾಲು, ಸ್ಮರಣಿಕೆ, ಒಂದು ನಗದು ಕವರ್. ಕಲಿತ ಮಕ್ಕಳನ್ನು ಹೀಗೆ ಹೊಗಳುವ ಪದ್ಧತಿ ನಮ್ಮಲ್ಲಿ ಬೆಳೆದಿರುವುದು ಸಂತೋಷದ ವಿಷಯವೇ. ಒಂದು ಕಾಲದಲ್ಲಿ ‘ಕಲಿತು ಎಂತ ಮಾಡ್ಲಿಕ್ಕುಂಟು, ಗಲ್ಫಿಗೆ ಹೋಗ್ಲಿ’ ಎನ್ನುತ್ತಿದ್ದ ಸಮುದಾಯ ಇಂದು ಅಂಕಪಟ್ಟಿಯನ್ನು ಹೆಮ್ಮೆಯಿಂದ ಹಂಚಿಕೊಳ್ಳುತ್ತಿದೆ.

ಆದರೆ ಅದೇ ಎರಡು ವಾರಗಳಲ್ಲಿ ಅದೇ ಊರಿನ ಬೇರೆ ಕೆಲವು ಮನೆಗಳಲ್ಲಿ ಬೇರೆಯೇ ಮಾತು ನಡೆಯುತ್ತಿರುತ್ತದೆ. ಎಂಟನೆಯದು ಮುಗಿಸಿ ಒಂಬತ್ತಕ್ಕೆ ಹೋಗಬೇಕಾದ ಹುಡುಗನ ಹಳೇ ಫೀಸು ಬಾಕಿ ಉಂಟು. ಹೊಸ ಫೀಸು ಕಟ್ಟದೆ ಪುಸ್ತಕ ಕೊಡುವುದಿಲ್ಲ ಎಂದು ಶಾಲೆಯವರು ಹೇಳಿದ್ದಾರೆ. ‘ಈ ಸಲ ಸ್ವಲ್ಪ ಸುಧಾರಿಸು, ಮತ್ತೆ ನೋಡುವಾ’ ಎಂದು ಅಪ್ಪ ಹೇಳುತ್ತಾನೆ. ಆ ‘ಮತ್ತೆ’ ಬರುವುದೇ ಇಲ್ಲ. ಆ ಹುಡುಗ ಎರಡು ತಿಂಗಳು ಯಾರದ್ದೋ ಅಂಗಡಿಯಲ್ಲಿ ನಿಲ್ಲುತ್ತಾನೆ, ಕೈಗೆ ನಾಲ್ಕು ಕಾಸು ಬರುತ್ತದೆ, ಶಾಲೆಯ ದಾರಿ ಅಲ್ಲಿಗೆ ಮುಗಿಯುತ್ತದೆ. ಇವನಿಗಾಗಿ ಯಾವ ಸಮಾರಂಭವೂ ಇಲ್ಲ. ಇವನ ಫೋಟೊ ಯಾವ ಗುಂಪಿನಲ್ಲೂ ಬರುವುದಿಲ್ಲ.

ನಮ್ಮ ಸಮುದಾಯದ ಸಂಘಟನೆಗಳೂ ವ್ಯಾಪಾರಸ್ಥರೂ ಶಿಕ್ಷಣಕ್ಕಾಗಿ ಖರ್ಚು ಮಾಡುವ ಹಣ ಕಡಿಮೆಯೇನಲ್ಲ. ನಾವು ಈ ವಾರ ಕೇಳುವುದು ಒಂದೇ ಪ್ರಶ್ನೆ: ಆ ಹಣ ಸರಿಯಾದ ತಿಂಗಳಲ್ಲಿ, ಸರಿಯಾದ ಮನೆಗೆ ಹೋಗುತ್ತಿದೆಯೇ?

ಜೂನ್ ಎಂಬ ಕಷ್ಟದ ತಿಂಗಳು

ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. ಅಪ್ಪ ಆಟೋ ಓಡಿಸುತ್ತಾನೆ, ಉಮ್ಮ ಬೀಡಿ ಕಟ್ಟುತ್ತಾರೆ. ಇಬ್ಬರದ್ದೂ ಸೇರಿ ತಿಂಗಳಿಗೆ 18,000 ರೂಪಾಯಿ ಎಂದಿಟ್ಟುಕೊಳ್ಳಿ. ಮೂವರು ಮಕ್ಕಳು. ಇಬ್ಬರು ಸರಕಾರಿ ಶಾಲೆ, ಒಬ್ಬ ಖಾಸಗಿ ಆಂಗ್ಲ ಮಾಧ್ಯಮ ಶಾಲೆ. ಖಾಸಗಿ ಶಾಲೆಯ ಮೊದಲ ಕಂತು 8,000. ಆ ಒಬ್ಬನ ಪಠ್ಯಪುಸ್ತಕ, ಮೂವರ ನೋಟ್‌ಬುಕ್, ಪೆನ್ನು, ಬೈಂಡು ಎಲ್ಲ ಸೇರಿ 3,000. ಸಮವಸ್ತ್ರದ ಬಟ್ಟೆ, ಹೊಲಿಗೆ ಕೂಲಿ 3,000. ಬ್ಯಾಗು, ಚಪ್ಪಲಿ, ಕೊಡೆ, ರೈನ್‌ಕೋಟು 2,500. ಬಸ್ಸು, ವ್ಯಾನಿನ ಮುಂಗಡ 1,500. ಒಟ್ಟು 18,000. ಅಂದರೆ ಇಡೀ ತಿಂಗಳ ದುಡಿಮೆ. ನಾವಿಲ್ಲಿ ಕಡಿಮೆಯೇ ಹಿಡಿದಿದ್ದೇವೆ. ಅಕ್ಕಿ, ಬಾಡಿಗೆ, ಕರೆಂಟ್ ಬಿಲ್ಲು, ಮದ್ದು ಇದರಲ್ಲಿ ಸೇರಿಲ್ಲ.

ಈ ಖರ್ಚು ಬರುವುದಾದರೂ ಯಾವಾಗ? ಕರಾವಳಿಯಲ್ಲಿ ದುಡಿಮೆ ಅತ್ಯಂತ ಕಡಿಮೆ ಇರುವ ಹೊತ್ತಿಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ದಕ್ಕೆಯಲ್ಲಿ ಮೀನು ಹೊರುವವ, ಐಸ್ ತುಂಬಿಸುವವ, ಸ್ಕೂಟರಿನಲ್ಲಿ ಮನೆ ಮನೆಗೆ ಮೀನು ಮಾರುವವ, ಎಲ್ಲರ ಕೈಯೂ ಖಾಲಿ. ಮಳೆ ಶುರುವಾದರೆ ಕಲ್ಲಿನ ಕೋರೆ, ಗಾರೆ, ಪೈಂಟಿಂಗ್ ಕೆಲಸ ಅರ್ಧಕ್ಕರ್ಧ ನಿಲ್ಲುತ್ತದೆ. ರಸ್ತೆ ಬದಿಯಲ್ಲಿ ಹಣ್ಣು, ಬಟ್ಟೆ ಮಾರುವವರಿಗೆ ಗಿರಾಕಿ ಇಲ್ಲ. ದುಡಿಮೆ ಬತ್ತುವುದೂ ಶಾಲೆ ತೆರೆಯುವುದೂ ಒಂದೇ ವಾರದಲ್ಲಿ. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ನೆರವಿನ ಬಗ್ಗೆ ಮುಂದೆ ಹೇಳುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಹಾಗಾದರೆ ಆ ಮನೆಯವರು ಎಂತ ಮಾಡುತ್ತಾರೆ? ಉಮ್ಮನ ಕಿವಿಯದ್ದೋ ಕೈಯದ್ದೋ ಚಿನ್ನ ಸೊಸೈಟಿಗೆ ಹೋಗುತ್ತದೆ. ಇಲ್ಲವೇ ಮನೆ ಬಾಗಿಲಿಗೆ ಬಂದು ಸಾಲ ಕೊಡುವ ಫೈನಾನ್ಸಿನವರ ವಾರದ ಕಂತು ಶುರುವಾಗುತ್ತದೆ. ಬಡ್ಡಿ ಹರಾಮ್ ಎಂದು ಅವರಿಗೆ ಗೊತ್ತಿಲ್ಲದೆ ಅಲ್ಲ. ಬಡ್ಡಿ ಇಲ್ಲದೆ ಕೊಡುವವರು ಆ ವಾರ ಸಿಗಲಿಲ್ಲ, ಅಷ್ಟೇ. ಜೂನ್‌ನಲ್ಲಿ ಒತ್ತೆ ಇಟ್ಟ ಬಳೆ ಬಿಡಿಸಿಕೊಳ್ಳುವಷ್ಟರಲ್ಲಿ ಎರಡನೇ ಕಂತಿನ ಫೀಸು ಬಂದಿರುತ್ತದೆ.

ನೆರವು ಉಂಟು, ಆದರೆ ತಡವಾಗಿ ಬರುತ್ತದೆ

ಬ್ಯಾರಿಗಳು ಕೈ ಬಿಗಿಹಿಡಿಯುವವರಲ್ಲ. ಊರಿಗೊಂದು ಯುವಕರ ಸಂಘ, ಮಸೀದಿಗೊಂದು ಕಮಿಟಿ, ದುಬೈ, ಸೌದಿ, ಖತರ್‌ಗಳಲ್ಲಿ ಊರಿನ ಹೆಸರಿನ ಒಂದೊಂದು ಅಸೋಸಿಯೇಶನ್. ನೋಟ್‌ಬುಕ್ ವಿತರಣೆ ಇಲ್ಲದ ಜೂನ್ ನಮ್ಮಲ್ಲಿ ಕಡಿಮೆ. ಜಮೀಯ್ಯತುಲ್ ಫಲಾಹ್‌ನಂತಹ ಸಂಸ್ಥೆಗಳು ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ವಿದ್ಯಾರ್ಥಿವೇತನ ಕೊಡುತ್ತಾ ಬಂದಿವೆ. ಇಂತಹ ನೆರವಿನಿಂದ ಕಲಿತು ಇಂದು ನೆಲೆ ನಿಂತವರು ಪ್ರತಿ ಊರಿನಲ್ಲೂ ಇದ್ದಾರೆ. ಇದನ್ನೆಲ್ಲ ಸಣ್ಣದು ಮಾಡಿ ಹೇಳುವ ಉದ್ದೇಶ ನಮಗಿಲ್ಲ.

ಆದರೆ ಎರಡು ಕೊರತೆಗಳು ಕಾಣುತ್ತವೆ. ಒಂದು, ನೆರವಿನ ಬಹುಪಾಲು ಅಂಕದ ಹಿಂದೆ ಹೋಗುತ್ತದೆ. 95 ಶೇಕಡ ತೆಗೆದ ಮಗುವಿಗೆ ಮೂರು ಕಡೆಯಿಂದ ಸನ್ಮಾನ, 52 ಶೇಕಡದ ಮಗುವಿಗೆ ಶೂನ್ಯ. ಆದರೆ ಶಾಲೆ ಬಿಡುವ ಅಪಾಯ ಇರುವುದು ಈ ಎರಡನೆಯ ಮಗುವಿಗೆ. ಮನೆಯಲ್ಲಿ ಓದಲು ಜಾಗ ಇಲ್ಲದವನು, ಸಂಜೆ ಅಪ್ಪನ ಗಾಡಿಯ ಹತ್ತಿರ ನಿಲ್ಲುವವನು, ಉಮ್ಮನ ಬೀಡಿ ಕಟ್ಟು ಹಿಡಿದುಕೊಂಡು ಬ್ರಾಂಚಿಗೆ ಹೋಗುವವಳು 52 ತೆಗೆದರೆ ಅದು ಸಣ್ಣ ಸಾಧನೆಯಲ್ಲ. ಪಾಸಾದ ಮಗು ಮುಂದಿನ ತರಗತಿಯಲ್ಲಿ ಕೂರಬೇಕು. ನೆರವಿಗೆ ಅಷ್ಟು ಅರ್ಹತೆ ಸಾಕು.

ಎರಡನೆಯದು ಸಮಯ. ಫಲಿತಾಂಶ ಬಂದು, ಕಮಿಟಿ ಸೇರಿ, ಹಾಲ್ ಬುಕ್ ಆಗಿ, ಅತಿಥಿಗಳ ದಿನಾಂಕ ಸಿಕ್ಕಿ ಕಾರ್ಯಕ್ರಮ ನಡೆಯುವಾಗ ಜುಲೈ ಬಂದಿರುತ್ತದೆ. ಸೀಟು ತಪ್ಪಬೇಕಾದ ಮಗುವಿಗೆ ಅಷ್ಟರಲ್ಲಿ ತಪ್ಪಿ ಆಗಿರುತ್ತದೆ.

ಝಕಾತ್‌ನ ವಿಷಯದಲ್ಲೂ ಇದೇ. ನಮ್ಮಲ್ಲಿ ಹೆಚ್ಚಿನವರು ಝಕಾತ್ ಕೊಡುವುದು ರಮಝಾನ್‌ನಲ್ಲಿ. ಚಾಂದ್ರಮಾನದ ಲೆಕ್ಕದಲ್ಲಿ ರಮಝಾನ್ ಪ್ರತಿವರ್ಷ ಹತ್ತು ಹನ್ನೊಂದು ದಿನ ಮೊದಲೇ ಬರುತ್ತದೆ. ಹತ್ತು ವರ್ಷಗಳ ಹಿಂದೆ, 2016ರಲ್ಲಿ, ಅದು ಸರಿಯಾಗಿ ಶಾಲೆ ತೆರೆಯುವ ಜೂನ್‌ನಲ್ಲಿ ಬಂದಿತ್ತು. ಈಗ ಫೆಬ್ರವರಿಯ ಕಡೆಗೆ ಸರಿದಿದೆ. ಆಗ ಸಿಕ್ಕಿದ ಹಣ ಹಬ್ಬದ ಬಟ್ಟೆಗೆ, ಹಳೇ ಸಾಲಕ್ಕೆ ಹೋಗಿ ಜೂನ್‌ಗೆ ಏನೂ ಉಳಿಯುವುದಿಲ್ಲ. ಝಕಾತನ್ನು ಹೇಗೆ, ಯಾವಾಗ, ಯಾರ ಕೈಗೆ ಕೊಡಬೇಕೆಂಬುದಕ್ಕೆ ನಿಯಮಗಳಿವೆ. ಅದನ್ನು ನಿಮ್ಮ ಉಸ್ತಾದರಲ್ಲಿ ಕೇಳಿಯೇ ಮಾಡಬೇಕು. ಆದರೆ ಸದಕಾಕ್ಕೆ ತಿಂಗಳ ಕಟ್ಟುಪಾಡು ಇಲ್ಲ. ರಮಝಾನ್‌ನಲ್ಲಿ ತೆಗೆದಿಡುವ ಸದಕಾದ ಒಂದು ಭಾಗವನ್ನು ಮೇ ತಿಂಗಳಿಗೆ ಎಂದು ಬೇರೆ ಇಡಲು ಯಾರ ಅಪ್ಪಣೆಯೂ ಬೇಡ.

ಅಂಗಡಿಯವರಿಂದ ಏನಾಗಬಹುದು?

ನೆರವು ಎಂದಾಗ ನಾವು ದೊಡ್ಡ ಉದ್ಯಮಿಗಳ ಕಡೆ ನೋಡುತ್ತೇವೆ. 2013ರ ಕಂಪೆನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪೆನಿಗಳು ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ಆದರೆ ಆ ನಿಯಮ ತಾಗುವುದು 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಇರುವವರಿಗೆ. ನಮ್ಮವರಲ್ಲಿ ಹೆಚ್ಚಿನವರು ಬಟ್ಟೆ ಅಂಗಡಿ, ಚಪ್ಪಲಿ ಅಂಗಡಿ, ಹೊಟೇಲು, ಹಾರ್ಡ್‌ವೇರು, ಹಣ್ಣು, ಮೊಬೈಲು, ಮರದ ವ್ಯಾಪಾರದವರು. ಕಾನೂನು ಇವರಿಂದ ಏನೂ ಕೇಳುವುದಿಲ್ಲ. ಆದರೂ ಶಾಲೆಯ ಖರ್ಚಿಗೆ ಅತ್ಯಂತ ಹತ್ತಿರ ಇರುವವರು ಇವರೇ.

ಮೊದಲನೆಯದಾಗಿ, ನಿಮ್ಮ ಅಂಗಡಿಯಲ್ಲಿ ಕೆಲಸ ಮಾಡುವವರ ಮಕ್ಕಳು ಎಷ್ಟು ಮಂದಿ, ಎಷ್ಟನೇ ಕ್ಲಾಸು ಎಂದು ಕೇಳಿದ್ದೀರಾ? ಮೇ ತಿಂಗಳ ಕೊನೆಗೆ ಒಂದು ತಿಂಗಳ ಸಂಬಳ ಮುಂಗಡ ಕೊಟ್ಟು, ಹತ್ತು ತಿಂಗಳಲ್ಲಿ ಸ್ವಲ್ಪ ಸ್ವಲ್ಪ ಹಿಡಿದುಕೊಂಡರೆ ನಿಮಗೆ ನಷ್ಟ ಇಲ್ಲ. ಅವನ ಹೆಂಡತಿಯ ಬಳೆ ಮನೆಯಲ್ಲೇ ಉಳಿಯುತ್ತದೆ. ಇದು ದಾನ ಕೂಡ ಅಲ್ಲ, ಕೈಸಾಲ. ಸಾಧ್ಯ ಇದ್ದವರು ಅದರಲ್ಲಿ ಒಂದು ಭಾಗವನ್ನು ಮನ್ನಾ ಮಾಡಲಿ.

ಎರಡನೆಯದು, ಬೆಲೆ. ನೋಟ್‌ಬುಕ್, ಬ್ಯಾಗು, ಕೊಡೆ, ಸಮವಸ್ತ್ರದ ಬಟ್ಟೆ ಮಾರುವವರಲ್ಲಿ ನಮ್ಮವರು ಧಾರಾಳ ಇದ್ದಾರೆ. ಒಂದು ಜಮಾಅತ್‌ನ ನೂರು ಮನೆಗಳ ಬೇಡಿಕೆಯನ್ನು ಒಟ್ಟು ಮಾಡಿ ಏಪ್ರಿಲ್‌ನಲ್ಲೇ ಸಗಟು ದರಕ್ಕೆ ತರಿಸಿದರೆ ಪ್ರತಿ ಮನೆಗೂ ಉಳಿತಾಯ ಆಗುತ್ತದೆ. ಅಸಲಿಗೆ ಕೊಟ್ಟ ಅಂಗಡಿಯವನಿಗೂ ಆ ನೂರು ಮನೆ ಇಡೀ ವರ್ಷದ ಗಿರಾಕಿ. ಇಲ್ಲಿ ಯಾರೂ ಕೈಚಾಚಿ ನಿಲ್ಲಬೇಕಾಗಿಲ್ಲ. ದುಡ್ಡು ಕೊಟ್ಟು ತೆಗೆದುಕೊಳ್ಳುವವನಿಗೆ ನಾಚಿಕೆ ಇರುವುದಿಲ್ಲ.

ಮೂರನೆಯದು, ಬಸ್ಸು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಆದರೆ ನಮ್ಮ ಜಿಲ್ಲೆಯ ಒಳ ಊರುಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಹೈಸ್ಕೂಲು, ಪಿಯುಸಿಗೆ ದಿನಾ ಎರಡು ಬಸ್ಸು ಬದಲಿಸಿ ಹೋಗುವ ಹುಡುಗಿಗೆ ಬಸ್ಸಿನ ಖರ್ಚೇ ಕಲಿಕೆಯ ದೊಡ್ಡ ಖರ್ಚು. ಊರಿನ ಒಬ್ಬ ಬಸ್ ಮಾಲಕ ಅಥವಾ ಒಂದು ಸಂಘ ಹತ್ತು ಹುಡುಗಿಯರ ವರ್ಷದ ಪಾಸು ವಹಿಸಿಕೊಂಡರೆ ಅದು ಹತ್ತು ಸ್ಮರಣಿಕೆಗಿಂತ ಹೆಚ್ಚು ಬಾಳುತ್ತದೆ.

ನಾಲ್ಕನೆಯದು ಸ್ವಲ್ಪ ಖಾರದ ಮಾತು. ಶಾಲೆ ಬಿಟ್ಟ ಹುಡುಗನಿಗೆ ಕೆಲಸ ಕೊಡುವವರು ಯಾರು? ನಾವೇ. ‘ಪಾಪ, ಬಡವರ ಹುಡುಗ, ಮನೆಗೆ ಸಹಾಯ ಆಗ್ಲಿ’ ಎಂದೇ ಕೊಡುತ್ತೇವೆ. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವುದನ್ನು ಬಾಲಕಾರ್ಮಿಕ ಕಾಯ್ದೆ 2016ರ ತಿದ್ದುಪಡಿಯ ನಂತರ ಪೂರ್ತಿಯಾಗಿ ನಿಷೇಧಿಸಿದೆ. 15, 16ರ ಹುಡುಗ ಬಂದರೂ ‘ಎಸೆಸೆಲ್ಸಿ ಮುಗಿಸಿ ಬಾ, ಕೆಲಸ ಇಲ್ಲೇ ಉಂಟು, ಫೀಸು ಎಷ್ಟು ಬಾಕಿ ಹೇಳು’ ಎನ್ನುವ ಒಬ್ಬ ಅಂಗಡಿ ಮಾಲಕ ಮಾಡುವ ಉಪಕಾರ ಒಂದು ವಿದ್ಯಾರ್ಥಿವೇತನಕ್ಕೆ ಸಮ.

ಶಾಲೆ ನಡೆಸುವ ನಮ್ಮವರಿಗೆ

ಇಂದು ಕರಾವಳಿಯಲ್ಲಿ ಬ್ಯಾರಿಗಳೇ ನಡೆಸುವ ಶಾಲೆ, ಕಾಲೇಜುಗಳು ಸಾಕಷ್ಟಿವೆ. ಅವುಗಳಿಗೂ ಖರ್ಚು ಉಂಟು, ಶಿಕ್ಷಕರಿಗೆ ಸಂಬಳ ಕೊಡಬೇಕು. ಫೀಸು ಬೇಡ ಎಂದು ನಾವು ಹೇಳುವುದಿಲ್ಲ. ಆದರೆ ಫೀಸನ್ನು ಎರಡು ಕಂತಿನ ಬದಲು ಹತ್ತು ತಿಂಗಳಿಗೆ ಹಂಚಬಹುದು. ಜೂನ್, ಜುಲೈ ಬಿಟ್ಟು ಆಗಸ್ಟ್‌ನಿಂದ ಶುರು ಮಾಡಿದರೆ ಮೀನುಗಾರಿಕೆ, ಕೂಲಿ ಕೆಲಸದ ಮನೆಗಳಿಗೆ ಉಸಿರು ಬರುತ್ತದೆ. ಬಾಕಿ ಇರುವ ಮಗುವಿನ ಹೆಸರನ್ನು ತರಗತಿಯಲ್ಲಿ ಓದಿ ಹೇಳುವುದು, ಹೊರಗೆ ನಿಲ್ಲಿಸುವುದು ಬೇಡ. ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ನಿಷೇಧಿಸಿದೆ. ಫೀಸಿನ ಮಾತು ಹೆತ್ತವರ ಜೊತೆ ಇರಲಿ.

ಅದೇ ಕಾಯ್ದೆಯ 5ನೇ ಕಲಂ ಹೆತ್ತವರೂ ತಿಳಿದಿರಬೇಕಾದದ್ದು. ಎಂಟನೇ ತರಗತಿಯವರೆಗಿನ ಮಗು ಸರಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳಿದರೆ ಮುಖ್ಯ ಶಿಕ್ಷಕರು ಕೂಡಲೇ ಟಿ.ಸಿ. ಕೊಡಬೇಕು. ಟಿ.ಸಿ. ತಡವಾಯಿತು ಎಂಬ ಕಾರಣಕ್ಕೆ ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಬಾಕಿ ಇರುವುದರಿಂದ ಮಗುವನ್ನು ಮನೆಯಲ್ಲಿ ಕೂರಿಸುವ ಅಗತ್ಯ ಇಲ್ಲ.

ಬಿಟ್ಟುಹೋಗುತ್ತಿರುವ ಹಣ

ಊರಿನವರ ಕಿಸೆಗೆ ಕೈ ಹಾಕುವ ಮೊದಲು ನಮಗೆ ಸರಕಾರದಿಂದ ಬರಬೇಕಾದದ್ದು ಬಂದಿದೆಯೇ ಎಂದೂ ನೋಡಬೇಕು. ಕೇಂದ್ರದ ಅಲ್ಪಸಂಖ್ಯಾತರ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2008ರಲ್ಲಿ ಶುರುವಾದಾಗ 1ರಿಂದ 10ನೇ ತರಗತಿಯವರೆಗೂ ಇತ್ತು. 2022-23ರಿಂದ ಅದನ್ನು 9 ಮತ್ತು 10ಕ್ಕೆ ಮಾತ್ರ ಸೀಮಿತಗೊಳಿಸಲಾಯಿತು. ಸಣ್ಣ ತರಗತಿಯ ಮಕ್ಕಳಿಗೆ ಸಿಗುತ್ತಿದ್ದ ಮೊತ್ತ ಸಣ್ಣದೇ, ಆದರೆ ಪುಸ್ತಕ ಬ್ಯಾಗಿಗೆ ಆಗುತ್ತಿತ್ತು. ಆ ಜಾಗವನ್ನು ತುಂಬಬೇಕಾದವರು ಈಗ ಜಮಾಅತ್‌ಗಳು.

ಇನ್ನು ಕೆಲವು ಯೋಜನೆಗಳು ನಮ್ಮಲ್ಲಿ ಹೆಚ್ಚಿನವರ ಗಮನಕ್ಕೇ ಬಂದಿಲ್ಲ. ಬೀಡಿ ಕಾರ್ಡ್ ಇರುವ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಕಲ್ಯಾಣ ಯೋಜನೆಯಲ್ಲಿ ಒಂದನೇ ತರಗತಿಯಿಂದ ವೃತ್ತಿಪರ ಕೋರ್ಸಿನವರೆಗೆ ಶೈಕ್ಷಣಿಕ ನೆರವು ಉಂಟು. ಸಣ್ಣ ತರಗತಿಗೆ ವರ್ಷಕ್ಕೆ 1,000 ರೂಪಾಯಿಯಿಂದ ಶುರುವಾಗಿ ವೃತ್ತಿಪರ ಕೋರ್ಸಿಗೆ 25,000ದವರೆಗೆ. ಎಷ್ಟೋ ಮನೆಗಳಲ್ಲಿ ಉಮ್ಮನ ಬೀಡಿ ಕಾರ್ಡು ಕಪಾಟಿನಲ್ಲಿ ಸುಮ್ಮನೆ ಕೂತಿದೆ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರ ಮಕ್ಕಳಿಗೂ ಕಲಿಕೆಯ ಸಹಾಯಧನ ಉಂಟು.

ಎನ್‌ಎಂಎಂಎಸ್ ಎಂಬ ಪರೀಕ್ಷೆಯ ಹೆಸರು ಕೇಳಿದ್ದೀರಾ? ಸರಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯ ಮಕ್ಕಳಿಗೆ ನಡೆಯುವ ಪರೀಕ್ಷೆ ಇದು. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷದೊಳಗಿರಬೇಕು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಮದ್ರಸದ ಹಾಲ್‌ನಲ್ಲಿ ಭಾನುವಾರ ಎರಡು ಗಂಟೆ ಈ ಪರೀಕ್ಷೆಗೆ ತರಬೇತಿ ಕೊಡಲು ಊರಿನ ಇಬ್ಬರು ಪದವೀಧರರು ಸಾಕು. ಖರ್ಚು ಹೆಚ್ಚೆಂದರೆ ಜೆರಾಕ್ಸ್‌ದ್ದು.

ಅರ್ಜಿ ಹಾಕಿದರೂ ಹಣ ಬರದಿರಲು ಒಂದು ಸಾಮಾನ್ಯ ಕಾರಣ ಹೆಸರು. ಆಧಾರ್‌ನಲ್ಲಿ ‘ಮುಹಮ್ಮದ್’, ಶಾಲೆ ದಾಖಲೆಯಲ್ಲಿ ‘ಮೊಹಮ್ಮದ್’, ಬ್ಯಾಂಕಿನಲ್ಲಿ ಬರೀ ಒಂದಕ್ಷರ. ಒಂದು ಕಡೆ ಅಪ್ಪನ ಹೆಸರು ಸೇರಿದೆ, ಇನ್ನೊಂದು ಕಡೆ ಇಲ್ಲ. ಇದನ್ನು ಸರಿಮಾಡಿಸಲು ಎರಡು ದಿನದ ಕೂಲಿ ಬಿಟ್ಟು ತಾಲೂಕು ಕಚೇರಿಗೆ ಅಲೆಯಲು ಬಡವನಿಗೆ ಆಗುವುದಿಲ್ಲ. ಊರಿನ ಕಂಪ್ಯೂಟರ್ ಬಲ್ಲ ನಾಲ್ಕು ಯುವಕರು ಏಪ್ರಿಲ್ ರಜೆಯಲ್ಲಿ ಮಸೀದಿ ವಠಾರದಲ್ಲಿ ಒಂದು ಮೇಜು ಹಾಕಿ ಕೂತು ಆಧಾರ್, ಬ್ಯಾಂಕ್ ಖಾತೆ, ಜಾತಿ ಮತ್ತು ಆದಾಯ ಪ್ರಮಾಣಪತ್ರ ಒಂದಕ್ಕೊಂದು ಹೊಂದುತ್ತದೆಯೇ ಎಂದು ನೋಡಿಕೊಟ್ಟರೆ ಅದು ದೊಡ್ಡ ಸೇವೆ.

ಹರೇಕಳದ ಪಾಠ

ಈ ವಿಷಯ ಬಂದಾಗ ಹರೇಕಳ ಹಾಜಬ್ಬರ ಹೆಸರು ಹೇಳದೆ ಮುಗಿಯುವುದಿಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದವರು, ವಿದೇಶಿ ಪ್ರವಾಸಿಗರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದೆ ನೊಂದು, ತಮ್ಮೂರು ನ್ಯೂಪಡ್ಪುವಿಗೆ ಶಾಲೆ ತಂದವರು ಎಂಬ ಕಥೆ ನಮ್ಮ ಮಕ್ಕಳಿಗೂ ಬಾಯಿಪಾಠ. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ಆದರೆ ಆ ಕಥೆಯಲ್ಲಿ ನಾವು ಹೆಚ್ಚು ಗಮನಿಸದ ಒಂದು ಅಂಶ ಇದೆ. ಅವರು ಕಟ್ಟಿಸಿದ್ದು ಸರಕಾರಿ ಶಾಲೆ. ಒಬ್ಬೊಬ್ಬ ಮಗುವಿನ ಫೀಸಿಗೆ ಓಡಾಡುವ ಬದಲು, ಫೀಸಿನ ಭಾರವೇ ಇಲ್ಲದ ಶಾಲೆಯನ್ನು ಊರಿಗೆ ತಂದರು. ತಮ್ಮ ದುಡಿಮೆಯ ಹಣ ಹಾಕಿದರು, ದಾನಿಗಳ ಬಾಗಿಲು ತಟ್ಟಿದರು, ಕಚೇರಿಗಳಿಗೆ ಅಲೆದರು. ಸಿಕ್ಕಿದ ಪ್ರಶಸ್ತಿಯ ಹಣವನ್ನೂ ಶಾಲೆಗೇ ಕೊಟ್ಟರು. ಸರಕಾರಿ ಶಾಲೆಯಲ್ಲಿ ಪಠ್ಯಪುಸ್ತಕ, ಸಮವಸ್ತ್ರ, ಮಧ್ಯಾಹ್ನದ ಊಟ ಉಚಿತ. ಕೈಲಾಗದ ಫೀಸಿನ ಖಾಸಗಿ ಶಾಲೆಗೆ ಸೇರಿಸಿ ಎಂಟನೇ ತರಗತಿಯಲ್ಲಿ ಬಿಡಿಸುವುದಕ್ಕಿಂತ, ಹತ್ತಿರದ ಸರಕಾರಿ ಶಾಲೆಗೆ ಒಬ್ಬ ಹೆಚ್ಚುವರಿ ಶಿಕ್ಷಕರ ಗೌರವಧನವನ್ನು ಜಮಾಅತ್ ಕೊಟ್ಟು ಅಲ್ಲೇ ಚೆನ್ನಾಗಿ ಕಲಿಸುವುದು ಮೇಲು. ಇದರಿಂದ ಒಂದೇ ಸಲಕ್ಕೆ ಊರಿನ ಎಲ್ಲ ಮಕ್ಕಳಿಗೂ ಪ್ರಯೋಜನ, ನಮ್ಮವರಿಗೂ ನೆರೆಯವರಿಗೂ.

ಕೊಡುವ ರೀತಿ

ಕೊನೆಗೆ ಕೊಡುವ ರೀತಿಯ ಬಗ್ಗೆ ಒಂದು ಮಾತು. ವೇದಿಕೆಯಲ್ಲಿ ನಿಂತು ಬ್ಯಾಗು ತೆಗೆದುಕೊಂಡ ಮಗುವಿನ ಫೋಟೊ ಅದರ ತರಗತಿಯ ಗುಂಪಿಗೂ ಹೋಗುತ್ತದೆ. ಮರುದಿನ ಆ ಬ್ಯಾಗು ಹಾಕಿಕೊಂಡು ಹೋಗಲು ಅದಕ್ಕೆ ಮನಸ್ಸು ಬರುತ್ತದೆಯೇ? ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಮದ್ರಸದಲ್ಲೇ ಕಲಿತವರು ನಾವು. ಸಹಾಯ ಮಾಡಿದ ಲೆಕ್ಕ ಬೇಕು, ರಸೀದಿ ಬೇಕು, ಕಮಿಟಿಯ ಮುಂದೆ ಪಾರದರ್ಶಕತೆ ಬೇಕು. ಅದಕ್ಕೆ ಮಗುವಿನ ಮುಖ ಬೇಕಾಗಿಲ್ಲ. ಶಾಲೆಯ ಹೆಸರಿಗೇ ಹಣ ಕಟ್ಟಿ, ರಸೀದಿಯನ್ನು ಹೆತ್ತವರ ಕೈಗೆ ಕೊಟ್ಟು, ಪಟ್ಟಿಯನ್ನು ಇಬ್ಬರು ಮೂವರು ಹಿರಿಯರ ಬಳಿ ಮಾತ್ರ ಇಟ್ಟರೆ ಸಾಕು. ಕೇಳಲು ನಾಚುವ ಮನೆಗಳೇ ಹೆಚ್ಚು ಕಷ್ಟದಲ್ಲಿರುತ್ತವೆ. ಅವರು ಯಾರು ಎಂದು ಮದ್ರಸದ ಉಸ್ತಾದರಿಗೆ, ಶಾಲೆಯ ಟೀಚರಿಗೆ, ಊರಿನ ಕಿರಾಣಿ ಅಂಗಡಿಯವನಿಗೆ ಗೊತ್ತಿರುತ್ತದೆ. ಅವರನ್ನು ಕೇಳೋಣ.

ದೊಡ್ಡ ಹಣವೂ ಬೇಕಾಗಿಲ್ಲ. ನೂರು ಮನೆಯ ಜಮಾಅತ್‌ನಲ್ಲಿ ಮನೆಗೆ ತಿಂಗಳಿಗೆ ನೂರು ರೂಪಾಯಿ ಎಂದರೆ ವರ್ಷಕ್ಕೆ 1,20,000. ನಾವು ಮೇಲೆ ಹಾಕಿದ ಲೆಕ್ಕದಲ್ಲಿ 15 ಮಕ್ಕಳ ಮೊದಲ ಕಂತು ಅದರಲ್ಲಿ ಮುಗಿಯುತ್ತದೆ. ಗಲ್ಫಿನಲ್ಲಿರುವ ಊರಿನ ಹತ್ತು ಮಂದಿ ಕೈ ಸೇರಿಸಿದರೆ ಎರಡನೇ ಕಂತಿಗೂ ಆಗುತ್ತದೆ. ಸನ್ಮಾನ ಸಮಾರಂಭ ನಿಲ್ಲಿಸಬೇಕಾಗಿಲ್ಲ. ಹಾಲ್ ಬುಕ್ ಮಾಡುವ ಮೊದಲು ಊರಿನಲ್ಲಿ ಯಾವ ಮಗುವಿನ ಫೀಸು ಬಾಕಿ ಇದೆ ಎಂದು ಒಮ್ಮೆ ಕೇಳಿದರೆ ಸಾಕು.

ಈ ಜುಮಾ ಮುಗಿದ ಮೇಲೆ ನಿಮ್ಮ ಜಮಾಅತ್‌ನಲ್ಲಿ ಮೂರು ವಿಷಯ ಎತ್ತಿ. ನಮ್ಮ ಮೊಹಲ್ಲಾದಲ್ಲಿ ಕಳೆದ ವರ್ಷ ಶಾಲೆಗೆ ಹೋಗುತ್ತಿದ್ದು ಈ ವರ್ಷ ಹೋಗದ ಮಕ್ಕಳು ಎಷ್ಟು? ಈ ವರ್ಷ ಎಂಟನೇ ತರಗತಿಯಲ್ಲಿರುವ ಎಷ್ಟು ಮಕ್ಕಳು ಎನ್‌ಎಂಎಂಎಸ್ ಬರೆಯುತ್ತಾರೆ? ಜೂನ್ 1ರ ಮೊದಲು ನಮ್ಮ ಕೈಯಲ್ಲಿ ಎಷ್ಟು ಹಣ ಇರುತ್ತದೆ? ಮೂರಕ್ಕೂ ಉತ್ತರ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಇದೇ ಹೊತ್ತಿಗೆ ಆ ಚೀಟಿ ತೆಗೆದು ನೋಡಿದರೆ, ಮೊದಲ ಪ್ರಶ್ನೆಯ ಮುಂದಿರುವ ಸಂಖ್ಯೆ ಇಳಿದಿರಬೇಕು.